ಕ್ವಾರ್ಟರ್‌ಬ್ಯಾಕ್ ಒಂದೇ ಸೀಸನ್‌ಗೆ ನಮ್ಮವನು, ಅಧ್ಯಕ್ಷ ಮಾತ್ರ ಇಲ್ಲೇ ಹುಟ್ಟಿರಬೇಕು: ಪಕ್ಕದ ಮನೆಯವರ ವಾದ

ಓಹಾಯೋ_ಒಗ್ಗರಣೆ (ಕೊಲಂಬಸ್):
ನಮ್ಮ ಪಕ್ಕದ ಮನೆಯವರು ಅಂಚೆ ಹಂಚುವ ಕೆಲಸದಿಂದ ನಿವೃತ್ತರಾದ ಹಿರಿಯರು. ಹುಟ್ಟು, ಓದು, ಮದುವೆ, ಸಾಲ ಎಲ್ಲ ಓಹಾಯೋದಲ್ಲೇ. ಯಾರಿಗೆ ವೋಟು ಹಾಕ್ತಾರೆ ಅಂತ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಚುನಾವಣೆ ಬಂದಾಗ ಬೀದಿಯ ಮನೆಗಳ ಮುಂದೆ ಬೋರ್ಡುಗಳು ಏಳುತ್ತವೆ. ಇವರ ಮನೆ ಮುಂದೆ ಓಹಾಯೋ ಸ್ಟೇಟ್ ಯೂನಿವರ್ಸಿಟಿಯ ಬಾವುಟ ಮಾತ್ರ. ಆದರೆ ಎರಡು ವಿಷಯ ಎತ್ತಿದರೆ ಸಾಕು, ಬೇಲಿ ಹತ್ತಿರ ಅರ್ಧ ಗಂಟೆ ಗ್ಯಾರಂಟಿ. ಅಮೆರಿಕದ ಅಧ್ಯಕ್ಷ ಯಾರಾಗಬಹುದು ಅನ್ನೋದು ಒಂದು. ಕಾಲೇಜ್ ಫುಟ್‌ಬಾಲ್ (ಅಮೆರಿಕನ್ ಫುಟ್‌ಬಾಲ್) ಹೇಗೆ ಕೆಟ್ಟುಹೋಯ್ತು ಅನ್ನೋದು ಇನ್ನೊಂದು.

ಟಿವಿಯಲ್ಲಿ ಕೂತು ಮಾತಾಡೋರ ಅಭಿಪ್ರಾಯ ನಮಗೆಲ್ಲ ಬಾಯಿಪಾಠ. ಇಂಥ ಸಾಮಾನ್ಯ ಅಮೆರಿಕನ್ನರು ಏನಂತಾರೆ ಅನ್ನೋದು ನಮ್ಮ ಗುಂಪಿನಲ್ಲಿ ಬರೋದೇ ಕಡಿಮೆ. ಅದಕ್ಕೇ ಹಾಕ್ತಿದ್ದೇನೆ.

ಅಧ್ಯಕ್ಷ ಇಲ್ಲೇ ಹುಟ್ಟಿರಬೇಕು, ಅದರಲ್ಲಿ ರಾಜಿ ಇಲ್ಲ. ಎರಡು ಸಲ ಗೆದ್ದ ಮೇಲೆ ಮನೆಗೆ ಹೋಗಬೇಕು, ಯಾವ ಪಕ್ಷದವರೇ ಆಗಲಿ. ಸಂವಿಧಾನದಲ್ಲಿ 35 ವರ್ಷ ತುಂಬಿರಬೇಕು ಅಂತ ಇದೆ, ಮೇಲಿನ ಮಿತಿ ಯಾಕಿಲ್ಲ ಅಂತ ಅವರ ಸಿಟ್ಟು. ಬೈಡನ್ 82ರಲ್ಲಿ ಇಳಿದರು, ಟ್ರಂಪ್ 78ರಲ್ಲಿ ಏರಿದರು. "ಆ ವಯಸ್ಸಿನಲ್ಲಿ ನನ್ನ ಕೈಗೆ ಅಂಚೆ ವ್ಯಾನಿನ ಕೀಲಿಯನ್ನೂ ಯಾರೂ ಕೊಡಲ್ಲ" ಅಂತಾರೆ.

ಫುಟ್‌ಬಾಲ್ ಬಗ್ಗೆ ಇನ್ನೂ ಖಾರ. ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಾಯಿಸೋ ಆಟಗಾರರು ಹೆಸರು ಹಾಕೋ ಪಟ್ಟಿ) ಬಂದ ಮೇಲೆ ಹುಡುಗರು ವರ್ಷಕ್ಕೊಂದು ಕಾಲೇಜಿಗೆ ಹಾರ್ತಾರೆ. 2021ರಿಂದ ತಮ್ಮ ಹೆಸರು, ಫೋಟೋ ಜಾಹೀರಾತಿಗೆ ಕೊಟ್ಟು ದುಡ್ಡು ಮಾಡಬಹುದು. 2025ರಿಂದ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ಹಣ ಕೊಡ್ತಿವೆ, ಮೊದಲ ವರ್ಷ ಒಂದೊಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ. ಇದನ್ನು ಕಾಲೇಜು ಅಂತ ಯಾಕೆ ಕರೀಬೇಕು ಅನ್ನೋದು ಅವರ ಪ್ರಶ್ನೆ.

ನನಗೆ ತಮಾಷೆ ಅನ್ನಿಸಿದ್ದು ಮುಂದಿನದು. 2025ರ ಜನವರಿ 20. ಮಧ್ಯಾಹ್ನ ವಾಷಿಂಗ್ಟನ್‌ನಲ್ಲಿ ಪ್ರಮಾಣವಚನ. ಅದೇ ರಾತ್ರಿ ಅಟ್ಲಾಂಟಾದಲ್ಲಿ ಕಾಲೇಜ್ ಫುಟ್‌ಬಾಲ್ ಫೈನಲ್: ಓಹಾಯೋ ಸ್ಟೇಟ್ 34, ನೋಟರ್ ಡೇಮ್ 23. ಗೆಲ್ಲಿಸಿದ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ಆಟ ನಡೆಸುವವನು) ವಿಲ್ ಹೊವಾರ್ಡ್ ಪೆನ್ಸಿಲ್ವೇನಿಯಾದ ಹುಡುಗ. ಮೊದಲು ಕ್ಯಾನ್ಸಸ್ ಸ್ಟೇಟ್‌ಗೆ ಆಡ್ತಿದ್ದ, ಇಲ್ಲಿ ಆಡಿದ್ದು ಒಂದೇ ಸೀಸನ್. ಕ್ವಿನ್‌ಶಾನ್ ಜಡ್ಕಿನ್ಸ್ ಮಿಸಿಸಿಪ್ಪಿಯ ಕಾಲೇಜಿನಿಂದ ಬಂದವನು, ಕೇಲೆಬ್ ಡೌನ್ಸ್ ಅಲಬಾಮಾದಿಂದ. ಎಲ್ಲರೂ ಅದೇ ಪೋರ್ಟಲ್ ದಾಟಿ ಬಂದವರು. ಮಾರನೇ ದಿನ ಇವರು "ನಮ್ಮ ಹುಡುಗರು, ನಮ್ಮ ಹುಡುಗರು" ಅಂತ ಕಣ್ಣು ತುಂಬಿಕೊಂಡರು. ನಾನು ಸುಮ್ನಿರಲಾರದೆ ಕೇಳಿದೆ: ಹೊವಾರ್ಡ್ ಒಂದೇ ಸೀಸನ್‌ಗೆ ನಿಮ್ಮವನಾದ. ನಾನು ಇಷ್ಟು ವರ್ಷದಿಂದ ಇಲ್ಲಿ ಸಿಟಿಜನ್, ಜ್ಯೂರಿ ಡ್ಯೂಟಿಗೂ ಹೋಗಿ ಬಂದೆ. ನಾನು ಯಾಕೆ ಅಧ್ಯಕ್ಷ ಆಗಬಾರದು?

ಅವರು ನಗಲಿಲ್ಲ. "ಅವನು ಮುಂದಿನ ವರ್ಷ ಹೊರಟುಹೋಗ್ತಾನೆ ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಪ್ರೀತಿ ಸುಲಭ. ಅಧ್ಯಕ್ಷನ ಕೈಗೆ ಸೈನ್ಯ ಕೊಡ್ತೇವೆ, ಅಣುಬಾಂಬ್ ಕೊಡ್ತೇವೆ. ಅಲ್ಲಿ ಪೋರ್ಟಲ್ ನಡೆಯಲ್ಲ" ಅಂದರು.

ನಿಮಗೇನನ್ನಿಸುತ್ತೆ?

ಬಳ್ಳಾರಿ_ಬಿಸಿಲು:
ಈ ವಾದ ನಮ್ಮೂರಿನವರು 1999ರಲ್ಲೇ ಕೇಳಿ ಮುಗಿಸಿದ್ದೇವೆ ಸ್ವಾಮಿ. ಸೋನಿಯಾ ಗಾಂಧಿ ಬಳ್ಳಾರಿಗೆ ನಿಂತರು, ಎದುರಿಗೆ ಸುಷ್ಮಾ ಸ್ವರಾಜ್. ಪ್ರಚಾರದ ತುಂಬ ವಿದೇಶಿ ಮೂಲದ್ದೇ ಮಾತು. ಸುಷ್ಮಾ ಕನ್ನಡ ಕಲಿತು ಕನ್ನಡದಲ್ಲೇ ಭಾಷಣ ಮಾಡಿ ಜನರ ಮನಸ್ಸು ಗೆದ್ದರು. ವೋಟು ಗೆದ್ದದ್ದು ಸೋನಿಯಾ, ಸುಮಾರು 56 ಸಾವಿರದಿಂದ. ನಮ್ಮ ಅಜ್ಜಿ ಇಬ್ಬರನ್ನೂ ನೋಡಿ ಬಂದು, "ಇಬ್ರೂ ನಮ್ಮೂರವರಲ್ಲ, ಜಗಳ ಯಾಕೆ" ಅಂದಿದ್ದರು.

ನಮ್ಮ ಸಂವಿಧಾನದಲ್ಲಿ ರಾಷ್ಟ್ರಪತಿಗೂ ಹುಟ್ಟಿನ ಷರತ್ತು ಇಲ್ಲ. ಭಾರತದ ಪ್ರಜೆ ಆಗಿರಬೇಕು, 35 ತುಂಬಿರಬೇಕು, ಲೋಕಸಭೆಗೆ ನಿಲ್ಲೋ ಅರ್ಹತೆ ಇರಬೇಕು. ಉಳಿದದ್ದು ಮತದಾರರಿಗೆ ಬಿಟ್ಟದ್ದು. 2004ರಲ್ಲಿ ಸೋನಿಯಾ ಪ್ರಧಾನಿ ಆಗೋದನ್ನು ಕಾನೂನು ತಡೀಲಿಲ್ಲ, ರಾಜಕೀಯ ತಡೀತು. ನನಗೆ ಈ ದಾರಿಯೇ ಸರಿ ಅನ್ನಿಸುತ್ತೆ.

ಕುಂದಾಪ್ರದ_ವಕೀಲ್ರು (ನ್ಯೂಜೆರ್ಸಿ):
ಪಕ್ಕದ ಮನೆಯವರ ಮಾತಿಗೆ ಹಳೇ ಬೇರಿದೆ. 1787ರ ಜುಲೈನಲ್ಲಿ, ದೇಶ ಕಟ್ಟಿದ ನಾಯಕರಲ್ಲಿ ಒಬ್ಬರಾದ ಜಾನ್ ಜೇ, ಜಾರ್ಜ್ ವಾಷಿಂಗ್ಟನ್‌ಗೆ ಪತ್ರ ಬರೆದು ಸೇನೆಯ ಮುಖ್ಯಸ್ಥನ ಜಾಗ ಹುಟ್ಟಾ ಪ್ರಜೆಗೆ ಮಾತ್ರ ಇರಲಿ ಅಂತ ಸೂಚಿಸಿದ್ದರು. ಯುರೋಪಿನ ಯಾವುದೋ ರಾಜಕುಮಾರ ಬಂದು ಕೂತುಬಿಟ್ಟರೆ ಅನ್ನೋ ಭಯ ಆ ಕಾಲಕ್ಕೆ ನಿಜವಾಗಿಯೂ ಇತ್ತು. ಸಂವಿಧಾನದ ಎರಡನೇ ವಿಧಿಯಲ್ಲಿ ಮೂರು ಷರತ್ತು ಬಂದವು: ಹುಟ್ಟಾ ಪ್ರಜೆ, 35 ವರ್ಷ, ದೇಶದಲ್ಲಿ 14 ವರ್ಷ ವಾಸ. ಬರೆದವರು ತಮಗೆ ಮಾತ್ರ ಒಂದು ಕಿಂಡಿ ಬಿಟ್ಟುಕೊಂಡರು. ಸಂವಿಧಾನ ಜಾರಿಗೆ ಬಂದಾಗ ಪ್ರಜೆಗಳಾಗಿದ್ದವರೂ ಆಗಬಹುದು ಅಂತ. ಅವರಲ್ಲೊಬ್ಬರಾದ, ಕೆರಿಬಿಯನ್ ದ್ವೀಪದಲ್ಲಿ ಹುಟ್ಟಿದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಕೂಡ ಅದರಿಂದ ಅರ್ಹ.

ತೊಂದರೆ ಏನಂದ್ರೆ "ಹುಟ್ಟಾ ಪ್ರಜೆ" ಅಂದ್ರೆ ಯಾರು ಅಂತ ಅಲ್ಲಿ ಬರೆದಿಲ್ಲ. ಹಾಗಾಗಿ ಅಧ್ಯಕ್ಷ ಸ್ಥಾನಕ್ಕೆ ನಿಂತವರ ಬಗ್ಗೆ ಮತ್ತೆ ಮತ್ತೆ ಜಗಳ. ಜಾನ್ ಮೆಕೇನ್ ಹುಟ್ಟಿದ್ದು ಪನಾಮಾ ಕಾಲುವೆ ವಲಯದಲ್ಲಿ, 1936ರಲ್ಲಿ. ಅವರು ಅರ್ಹರು ಅಂತ 2008ರಲ್ಲಿ ಸೆನೆಟ್ ನಿರ್ಣಯವನ್ನೇ ಮಾಡಿತು. ಟೆಡ್ ಕ್ರೂಜ್ ಹುಟ್ಟಿದ್ದು ಕೆನಡಾದ ಕ್ಯಾಲ್ಗರಿಯಲ್ಲಿ, ತಾಯಿ ಅಮೆರಿಕನ್. ಒಬಾಮಾ ಹೊನೊಲುಲುವಿನಲ್ಲಿ ಹುಟ್ಟಿದ್ದರೂ 2011ರಲ್ಲಿ ಪೂರ್ತಿ ಜನನ ಪತ್ರ ತೆಗೆದು ತೋರಿಸಬೇಕಾಯ್ತು. ನಿಕ್ಕಿ ಹೇಲಿ ಹುಟ್ಟಿದ್ದು ದಕ್ಷಿಣ ಕೆರೊಲಿನಾದಲ್ಲಿ. ಆದರೂ 2024ರಲ್ಲಿ, ಹುಟ್ಟಿದಾಗ ತಂದೆತಾಯಿ ಪ್ರಜೆಗಳಾಗಿರಲಿಲ್ಲ ಅಂತ ತಕರಾರು ಎದ್ದಿತು. ಈ ಪಟ್ಟಿ ಸ್ವಲ್ಪ ದಿಟ್ಟಿಸಿ ನೋಡಿ. ಹೊರದೇಶದಲ್ಲಿ ಹುಟ್ಟಿದ ಮೆಕೇನ್‌ಗೆ ನಿರ್ಣಯದ ಗೌರವ, ಒಳಗೇ ಹುಟ್ಟಿದ ಒಬಾಮಾಗೆ ಅನುಮಾನ.

ಆನ್‌ಆರ್ಬರ್_ಅಕ್ಕ:
ವಕೀಲರೇ, ನಮ್ಮ ಮಿಷಿಗನ್ ಬಿಟ್ಟಿರಲ್ಲ. ಇಲ್ಲಿನ ಗವರ್ನರ್ ಆಗಿದ್ದ ಜಾರ್ಜ್ ರಾಮ್ನಿ 1968ರಲ್ಲಿ ಅಧ್ಯಕ್ಷ ಸ್ಥಾನದ ಸ್ಪರ್ಧೆಗೆ ಇಳಿದವರು. ಅವರು ಹುಟ್ಟಿದ್ದು ಮೆಕ್ಸಿಕೋದಲ್ಲಿ.

ಇನ್ನೊಬ್ಬರು ಶ್ರೀ ಥಾಣೇದಾರ್. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು. 2022ರಲ್ಲಿ ಡೆಟ್ರಾಯ್ಟ್ ಕಡೆಯಿಂದ ಕಾಂಗ್ರೆಸ್‌ಗೆ, ಅಂದ್ರೆ ಅಮೆರಿಕದ ಸಂಸತ್ತಿಗೆ, ಗೆದ್ದರು. ಅದರ ಕೆಳಮನೆಗೆ 7 ವರ್ಷ ಪ್ರಜೆಯಾಗಿದ್ದರೆ ಸಾಕು, ಮೇಲ್ಮನೆ ಸೆನೆಟ್‌ಗೆ 9 ವರ್ಷ. ಯುದ್ಧ ಘೋಷಿಸೋ ಅಧಿಕಾರ ಕಾಂಗ್ರೆಸ್‌ನದ್ದು, ಅದಕ್ಕೆ ಅವರು ವೋಟು ಹಾಕಬಹುದು. ಸೇನೆಗೆ ಆಜ್ಞೆ ಕೊಡೋ ಕುರ್ಚಿಗೆ ಮಾತ್ರ ಜನ್ಮಸ್ಥಳ ಅಡ್ಡ.

ಇನ್ನು ನಮ್ಮ ಹಳೇ ಎದುರಾಳಿ ಓಹಾಯೋದವರಿಗೆ ಒಂದು ಕಿವಿಮಾತು. ಕಾಲೇಜ್ ಫುಟ್‌ಬಾಲ್ ಮತ್ತು ಅಧ್ಯಕ್ಷಗಿರಿ ಎರಡನ್ನೂ ಒಟ್ಟಿಗೆ ಮಾತಾಡೋ ಹಕ್ಕು ಮೊದಲು ನಮ್ಮದು. ಮುಂದೆ ಅಧ್ಯಕ್ಷರಾದ ಜೆರಾಲ್ಡ್ ಫೋರ್ಡ್ ಇಲ್ಲಿನ ಮಿಷಿಗನ್ ಯೂನಿವರ್ಸಿಟಿ ತಂಡದಲ್ಲಿ ಸೆಂಟರ್ ಅನ್ನೋ ಸ್ಥಾನದಲ್ಲಿ ಆಡಿದವರು. 1932 ಮತ್ತು 1933ರಲ್ಲಿ ಮಿಷಿಗನ್ ರಾಷ್ಟ್ರೀಯ ಚಾಂಪಿಯನ್. ಪ್ಯಾಕರ್ಸ್, ಲಯನ್ಸ್ ಎರಡೂ ವೃತ್ತಿಪರ ತಂಡಗಳು ಕರೆದರೂ ಅವರು ಯೇಲ್‌ಗೆ ಕಾನೂನು ಓದೋಕೆ ಹೋದರು.

ನನಗೆ ಅವರಲ್ಲಿ ಇಷ್ಟವಾದದ್ದು 1934ರ ಪ್ರಸಂಗ. ಜಾರ್ಜಿಯಾ ಟೆಕ್ ತಂಡ ಇಲ್ಲಿ ಆಡೋಕೆ ಬಂತು. ಮಿಷಿಗನ್ ತಂಡದಲ್ಲಿ ಕರಿಯ ಆಟಗಾರನಿದ್ದರೆ ಮೈದಾನಕ್ಕೆ ಇಳಿಯಲ್ಲ ಅಂದರು. ಆ ಆಟಗಾರ ವಿಲಿಸ್ ವಾರ್ಡ್, ಫೋರ್ಡ್‌ನ ಗೆಳೆಯ. ಯೂನಿವರ್ಸಿಟಿ ತಲೆಬಾಗಿ ವಾರ್ಡ್‌ನನ್ನು ಕೂರಿಸಿತು. ಫೋರ್ಡ್ ನಾನೂ ಆಡಲ್ಲ ಅಂತ ಹೊರಟಿದ್ದರು, ಆಮೇಲೆ ಆಡಿದರು. ಆ ಸೀಸನ್‌ನಲ್ಲಿ ಮಿಷಿಗನ್ ಗೆದ್ದದ್ದು ಅದೊಂದೇ ಪಂದ್ಯ, 9–2. ವಾರ್ಡ್ ಇದೇ ದೇಶದಲ್ಲಿ ಹುಟ್ಟಿದ್ದ. ಪುಸ್ತಕದ ಪ್ರಕಾರ ಎಲ್ಲ ಅರ್ಹತೆಯೂ ಇತ್ತು. ಹುಟ್ಟು ಒಂದೇ ಸಾಕು ಅನ್ನೋರಿಗೆ ಇದನ್ನು ಹೇಳಬೇಕು.

ಡಲ್ಲಾಸ್_ಗೌಡ:
ಅಕ್ಕಾ, ಫೋರ್ಡ್ ಒಂದು ರಾಷ್ಟ್ರೀಯ ಚುನಾವಣೆಯನ್ನೂ ಗೆಲ್ಲದೆ ಅಧ್ಯಕ್ಷರಾದವರು. ಉಪಾಧ್ಯಕ್ಷ ಸ್ಥಾನಕ್ಕೆ ನೇಮಕ, ನಿಕ್ಸನ್ ರಾಜೀನಾಮೆ ಕೊಟ್ಟಾಗ ಬಡ್ತಿ. ಮಿಷಿಗನ್ ಅಭಿಮಾನಿಗಳಿಗೆ ಇದು ಹೊಂದುತ್ತೆ ಬಿಡಿ 😄

ಪೋರ್ಟಲ್ ಅರ್ಥವಾಗದ ಹೊಸಬರಿಗೆ: ಕರುಣ್ ನಾಯರ್ ಕರ್ನಾಟಕ ಬಿಟ್ಟು ವಿದರ್ಭಕ್ಕೆ ಹೋಗಿ ರಣಜಿ ಗೆದ್ದು ವಾಪಸ್ ಬಂದರಲ್ಲ, ಅಂಥದ್ದು ಇಲ್ಲಿ ಪ್ರತಿ ವರ್ಷ ಸಾವಿರಾರು ಹುಡುಗರಿಂದ ನಡೆಯುತ್ತೆ.

ಆಟದ ಅರ್ಹತೆ ಅಂದ್ರೆ ನಾಲ್ಕು ಸೀಸನ್, ಐದು ವರ್ಷದೊಳಗೆ. ಕೇಳೋಕೆ ಸರಳ. ಆದರೆ ಗಾಯ ಆದರೆ ಒಂದು ವರ್ಷ ವಾಪಸ್, ಕೋವಿಡ್ ಕಾಲದಲ್ಲಿ ಒಂದು ವರ್ಷ ಎಲ್ಲರಿಗೂ ಫ್ರೀ ಸಿಕ್ಕಿತ್ತು. ಕ್ಯಾಮ್ ಮೆಕಾರ್ಮಿಕ್ ಅಂತ ಒಬ್ಬ ಆಟಗಾರ 2016ರಲ್ಲಿ ಆರೆಗಾನ್ ಸೇರಿದವನು, 2024ರಲ್ಲಿ ಮಯಾಮಿಗೆ ಒಂಬತ್ತನೇ ಸೀಸನ್ ಆಡಿದ. ಅಧ್ಯಕ್ಷನಿಗೆ ಎರಡು ಅವಧಿ ಸೇರಿ ಎಂಟೇ ವರ್ಷ! 2024ರ ಡಿಸೆಂಬರ್‌ನಲ್ಲಿ ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿಯ ಆಟಗಾರ ಡಿಯಾಗೊ ಪಾವಿಯಾ ಕೋರ್ಟಿಗೆ ಹೋಗಿ, ಜೂನಿಯರ್ ಕಾಲೇಜಿನಲ್ಲಿ (ಎರಡು ವರ್ಷದ ಕಾಲೇಜು) ಆಡಿದ್ದು ಲೆಕ್ಕಕ್ಕೆ ಬರಬಾರದು ಅಂತ ತಡೆ ತಂದ. ಇನ್ನೊಂದು ವರ್ಷ ಸಿಕ್ಕಿತು. ಈಗ ಅರ್ಹತೆ ಅನ್ನೋದು ಕೋಚ್ ಕೈಯಲ್ಲಿಲ್ಲ, ಲಾಯರ್ ಕೈಯಲ್ಲಿದೆ.

ಓಹಾಯೋ_ಒಗ್ಗರಣೆ:
ಗೌಡ್ರೇ, ಆ ಒಂಬತ್ತು ವರ್ಷದ ಹುಡುಗನ ಕಥೆ ಅವರಿಗೆ ಹೇಳಿದೆ. "ಅವನ ಜೊತೆ ಸೇರಿದವರು ಈಗ ಮಕ್ಕಳನ್ನು ಶಾಲೆಗೆ ಬಿಡ್ತಿರಬೇಕು" ಅಂದರು. ಮೂರನೇ ಅವಧಿ ಬೇಡ ಅನ್ನೋ ಅವರ ಹಟಕ್ಕೂ ಇದೇ ಕಾರಣವಂತೆ. ಒಬ್ಬನಿಗೆ ಸಡಿಲಿಸಿದರೆ ಮುಂದಿನವನು ಲಾಯರ್ ಜೊತೆಗೇ ಬರ್ತಾನೆ ಅಂತ.

ಗ್ರೀನ್‌ಕಾರ್ಡ್_ಕ್ಯೂ (ನಾರ್ತ್ ಕೆರೊಲಿನಾ):
ನೀವೆಲ್ಲ 2025ರ ಜನವರಿ 20ರಂದು ಫೈನಲ್ ನೋಡ್ತಿದ್ದಿರಿ. ನಾವು ಅದೇ ದಿನ ಟ್ರಂಪ್ ಸಹಿ ಹಾಕಿದ ಆದೇಶ ಓದ್ತಿದ್ದೆವು. ನನ್ನದೂ ಗಂಡನದೂ ವರ್ಕ್ ವೀಸಾ. ನಾನು ಆಗ ಬಸುರಿ. ತಾಯಿ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆ ಪ್ರಜೆಯೋ ಗ್ರೀನ್ ಕಾರ್ಡ್‌ನವನೋ ಆಗಿರದಿದ್ದರೆ, ಇಲ್ಲಿ ಹುಟ್ಟಿದ ಮಗುವಿಗೂ ಪೌರತ್ವ ಇಲ್ಲ ಅಂತ ಆ ಆದೇಶ. ಕೋರ್ಟುಗಳು ತಡೆದವು. ಅಷ್ಟರಲ್ಲಿ ನಮ್ಮ ನಿದ್ದೆ ಹೋಗಿತ್ತು. ಆಸ್ಪತ್ರೆ ಬ್ಯಾಗಿನಲ್ಲಿ ಮಗುವಿನ ಬಟ್ಟೆಗಿಂತ ಮೊದಲು ಎಲ್ಲ ಕಾಗದಗಳ ಜೆರಾಕ್ಸ್ ಇಟ್ಟುಕೊಂಡಿದ್ದೆ.

ಮಗಳು ಅಧ್ಯಕ್ಷೆ ಆಗಬೇಕು ಅನ್ನೋ ಆಸೆ ನನಗೇನೂ ಇಲ್ಲ. ಆದರೆ "ಇಲ್ಲೇ ಹುಟ್ಟಿದವರು ನಮ್ಮವರು" ಅಂತ ಬೇಲಿ ಹತ್ತಿರ ನಿಂತು ಹೇಳೋ ಹಿರಿಯರು ನನ್ನ ಮಗಳನ್ನೂ ಅದರಲ್ಲಿ ಸೇರಿಸ್ತಾರಾ? ದಯವಿಟ್ಟು ಕೇಳಿ ಹೇಳಿ.

ಕುಂದಾಪ್ರದ_ವಕೀಲ್ರು:
ತಂಗಿ, ಇಲ್ಲಿ ಹುಟ್ಟಿದವರು ಇಲ್ಲಿನ ಪ್ರಜೆಗಳು ಅನ್ನೋ 14ನೇ ತಿದ್ದುಪಡಿ 1868ರದ್ದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ವಾಂಗ್ ಕಿಮ್ ಆರ್ಕ್ ಚೀನಾಕ್ಕೆ ಹೋಗಿ ವಾಪಸ್ ಬಂದಾಗ ಒಳಗೆ ಬಿಡಲಿಲ್ಲ. ತಂದೆತಾಯಿ ಚೀನಾದ ಪ್ರಜೆಗಳು, ಕಾನೂನಿನ ಪ್ರಕಾರ ಅವರು ಇಲ್ಲಿ ಪ್ರಜೆಗಳಾಗೋಕೇ ಸಾಧ್ಯವಿರಲಿಲ್ಲ. 1898ರಲ್ಲಿ ಸುಪ್ರೀಂ ಕೋರ್ಟ್ ಅವನು ಹುಟ್ಟಿನಿಂದಲೇ ಅಮೆರಿಕದ ಪ್ರಜೆ ಅಂತ ತೀರ್ಪು ಕೊಟ್ಟಿತು. ಅವನೊಬ್ಬ ಅಡುಗೆಯವನು. ನಮ್ಮ ಎಷ್ಟೋ ಮಕ್ಕಳ ಪಾಸ್‌ಪೋರ್ಟ್ ಅವನ ಕೇಸಿನ ಋಣ.

ಓಹಾಯೋ_ಒಗ್ಗರಣೆ:
ಕೇಳಿದೆ ತಂಗಿ. ಅವರು ಒಂದು ಕ್ಷಣವೂ ತಡ ಮಾಡಲಿಲ್ಲ. "ಆ ಮಗು ಈ ದೇಶದ ಆಸ್ಪತ್ರೆಯಲ್ಲಿ ಹುಟ್ಟಿದೆ ತಾನೇ? ಹಾಗಾದ್ರೆ ಅಧ್ಯಕ್ಷೆ ಆಗಬಹುದು. ಅಪ್ಪ ಅಮ್ಮ ಯಾರು ಅಂತ ನಾನ್ಯಾಕೆ ಕೇಳಲಿ?" ಅಂದರು. ಅವರ ನಿಯಮ ಗಡುಸು ನಿಜ. ಆದರೆ ನಿಮ್ಮ ಮಗಳಿಗೂ ನನಗೂ ಬೇರೆ ಬೇರೆ ಅಳತೆಕೋಲು ಹಿಡಿಯಲ್ಲ ಅನ್ನೋದು ನನಗೆ ಹಿಡಿಸಿತು.

ಇಲ್ಲೇ_ಹುಟ್ಟಿದ್ದು (ಸಿನ್ಸಿನಾಟಿ):
ನನ್ನ ಕನ್ನಡ ಭಾನುವಾರದ ಕ್ಲಾಸಿನದ್ದು, ತಪ್ಪಿದ್ದರೆ ತಿದ್ದಿ. ನಾನು ಇಲ್ಲೇ ಹುಟ್ಟಿದವಳು, ಕಾಗದದ ಪ್ರಕಾರ ಅರ್ಹಳು. ಅಪ್ಪ ಅಲ್ಲ. ಮನೆಯಲ್ಲಿ ಪೇಪರ್ ಓದೋದು, ಪ್ರತಿ ಚುನಾವಣೆಗೂ ಮೊದಲು ಎದ್ದು ಹೋಗಿ ವೋಟು ಹಾಕೋದು ಅಪ್ಪ. ನನಗೆ ನಮ್ಮ ಗವರ್ನರ್ ಹೆಸರು ಗೊತ್ತಾಗಿದ್ದೇ ಕಾಲೇಜಿಗೆ ಹೋದ ಮೇಲೆ.

2003ರಲ್ಲಿ ಸೆನೆಟರ್ ಆರಿನ್ ಹ್ಯಾಚ್ ಒಂದು ತಿದ್ದುಪಡಿ ತಂದಿದ್ದರು: 20 ವರ್ಷ ಪ್ರಜೆಯಾಗಿದ್ದವರು ಅಧ್ಯಕ್ಷರಾಗಬಹುದು ಅಂತ. ಅದು ಮುಂದೆ ಹೋಗಲಿಲ್ಲ. ನಿಮ್ಮ ಪಕ್ಕದ ಮನೆಯವರು ಇದಕ್ಕೆ ಒಪ್ತಾರಾ ಅಂಕಲ್? ಒಂದು ಸೀಸನ್ ಅಲ್ಲ, 20 ಸೀಸನ್!

ಆನ್‌ಆರ್ಬರ್_ಅಕ್ಕ:
ಒಳ್ಳೇ ಪ್ರಶ್ನೆ ಪುಟ್ಟಿ. ಆಗ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಕ್ಯಾಲಿಫೋರ್ನಿಯಾ ಗವರ್ನರ್ ಆದ ಸಮಯ. ಅವರು ಹುಟ್ಟಿದ್ದು ಆಸ್ಟ್ರಿಯಾದಲ್ಲಿ. ಎಲ್ಲರೂ ಅದನ್ನು ಅವರ ತಿದ್ದುಪಡಿ ಅಂತಲೇ ನೋಡಿದರು. ತಿದ್ದುಪಡಿ ಸತ್ತದ್ದಕ್ಕೆ ಅದೂ ಒಂದು ಕಾರಣ ಅಂತ ನನ್ನ ಲೆಕ್ಕ. ಎರಡೂ ಸದನದಲ್ಲಿ ಮೂರನೇ ಎರಡು ಬಹುಮತ, ಆಮೇಲೆ 38 ರಾಜ್ಯಗಳ ಒಪ್ಪಿಗೆ. ಒಬ್ಬ ಮನುಷ್ಯನಿಗಾಗಿ ಅಷ್ಟು ಕಷ್ಟ ಯಾರು ಪಡ್ತಾರೆ?

ಓಹಾಯೋ_ಒಗ್ಗರಣೆ:
ಪುಟ್ಟಿ, 20 ವರ್ಷದ ಮಾತಿಗೆ ಅವರು ಮೊದಲ ಸಲ ಯೋಚನೆ ಮಾಡಿದರು. ಹುಲ್ಲು ಕತ್ತರಿಸೋ ಮೆಷಿನ್ ಆಫ್ ಮಾಡಿದರು ಅಂದ್ರೆ ನೋಡಿ. ಕೊನೆಗೆ, "ಆಗಲಿ, ಆದರೆ ಈಗ ಮೈದಾನದಲ್ಲಿ ಇರೋ ಯಾರಿಗೂ ಅನ್ವಯಿಸಬಾರದು. ನಿಯಮ ಮುಂದಿನ ತಲೆಮಾರಿಗೆ" ಅಂದರು. ಎನ್‌ಸಿಎಎ (ಕಾಲೇಜ್ ಕ್ರೀಡೆಗಳ ನಿಯಮ ಮಾಡೋ ಸಂಸ್ಥೆ) ಮೇಲಿನ ಅವರ ಸಿಟ್ಟೂ ಇದೇ. ಆಟ ನಡೀತಿರುವಾಗಲೇ ನಿಯಮ ಬದಲಾಯಿಸ್ತಾರೆ, ಯಾರಿಗೆ ಲಾಭ ಅಂತ ಎಲ್ಲರಿಗೂ ಗೊತ್ತಿರುತ್ತೆ.

ಕುಂದಾಪ್ರದ_ವಕೀಲ್ರು:
ನಿಮ್ಮ ಅಂಚೆಯವರು ಸಂವಿಧಾನ ಓದಿದ್ದಾರೋ ಇಲ್ಲವೋ, ಬುದ್ಧಿ ಮಾತ್ರ ಅದರದ್ದೇ. 1951ರಲ್ಲಿ ಅಂಗೀಕಾರವಾದ 22ನೇ ತಿದ್ದುಪಡಿ ಎರಡು ಸಲಕ್ಕಿಂತ ಹೆಚ್ಚು ಆಯ್ಕೆಯಾಗಬಾರದು ಅಂತು. ಆದರೆ ಅದನ್ನು ಮಂಡಿಸಿದಾಗ ಕುರ್ಚಿಯಲ್ಲಿದ್ದವರಿಗೆ, ಅಂದ್ರೆ ಟ್ರೂಮನ್‌ಗೆ, ಅನ್ವಯಿಸಲ್ಲ ಅಂತಲೂ ಅದರಲ್ಲೇ ಬರೆದಿದೆ. ಆಗ ವಿನಾಯಿತಿ ಕೊಟ್ಟದ್ದು ಇದ್ದವನಿಗೆ ಅನ್ಯಾಯ ಆಗದಿರಲಿ ಅಂತ. ಇವರು ಕೇಳ್ತಿರೋದು ಇದ್ದವನಿಗೆ ಲಾಭ ಆಗದಿರಲಿ ಅಂತ. 2025ರ ಜನವರಿಯಲ್ಲಿ ಟೆನೆಸಿಯ ಒಬ್ಬ ಸಂಸದರು ಟ್ರಂಪ್ ಮೂರನೇ ಸಲ ಆಗೋ ಹಾಗೆ ತಿದ್ದುಪಡಿ ಮಂಡಿಸಿದರಲ್ಲ, ಅದಕ್ಕೆ ಈ ಅಳತೆಕೋಲು ಹಿಡಿದರೆ ಅಲ್ಲಿಗೇ ಬಿತ್ತು.

ಡಲ್ಲಾಸ್_ಗೌಡ:
ವಾಸದ ಷರತ್ತು ಯಾರೂ ಮಾತಾಡ್ತಿಲ್ಲ. ಅಲಬಾಮಾ ನೋಡಿ. ಟಾಮಿ ಟಬರ್‌ವಿಲ್ ಅಲ್ಲಿನ ಆಬರ್ನ್ ಯೂನಿವರ್ಸಿಟಿಯಲ್ಲಿ ಹತ್ತು ಸೀಸನ್ ಫುಟ್‌ಬಾಲ್ ಕೋಚ್. ಅದೇ ಹೆಸರಿನ ಮೇಲೆ 2020ರಲ್ಲಿ ಸೆನೆಟ್ ಗೆದ್ದರು. 2025ರಲ್ಲಿ ಗವರ್ನರ್ ಸ್ಥಾನಕ್ಕೆ ನಿಲ್ತೇನೆ ಅಂದಾಗ ಜಗಳ ಶುರು. ಅಲ್ಲಿ ಗವರ್ನರ್ ಆಗೋಕೆ 7 ವರ್ಷ ರಾಜ್ಯದಲ್ಲಿ ವಾಸ ಇರಬೇಕು. ಅವರ ಮನೆ ಫ್ಲೋರಿಡಾದ ಸಮುದ್ರ ತೀರದಲ್ಲಿದೆಯಲ್ಲ ಅಂತ ವಿರೋಧಿಗಳು, ಇಲ್ಲ ನನ್ನ ಮನೆ ಆಬರ್ನ್‌ನಲ್ಲಿ ಅಂತ ಅವರು. ಕೋಚ್‌ಗಳಿಗೆ ರಾಜ್ಯ ಬದಲಾಯಿಸೋದು ಹೊಸದಲ್ಲ. ಅವರು ಮಿಸಿಸಿಪ್ಪಿ, ಟೆಕ್ಸಸ್, ಸಿನ್ಸಿನಾಟಿ ಎಲ್ಲ ಕಡೆ ಕೋಚ್ ಆಗಿದ್ದವರು. ಹುಡುಗರು ಕಾಲೇಜು ಬದಲಾಯಿಸಿದರೆ ನಿಷ್ಠೆ ಇಲ್ಲ ಅಂತ ಬೈಯೋ ಜನ ಕೋಚ್‌ಗಳನ್ನು ಬೈಯೋದು ನಾನಂತೂ ಕೇಳಿಲ್ಲ. ಹುಡುಗರು ವರ್ಷಗಟ್ಟಲೆ ಬಿಟ್ಟಿ ಆಡಿದರು, ಕೋಚ್‌ಗಳು ಕೋಟಿ ಎಣಿಸಿದರು. ಪೋರ್ಟಲ್ ಬಗ್ಗೆ ನಿಮ್ಮ ಪಕ್ಕದ ಮನೆಯವರ ದುಃಖ ನನಗೆ ಅಷ್ಟಾಗಿ ತಟ್ಟಲ್ಲ.

ಆನ್‌ಆರ್ಬರ್_ಅಕ್ಕ:
ಇದಕ್ಕೆ ಪೂರ್ತಿ ಸಹಮತ. ಅಂದಹಾಗೆ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಓಹಾಯೋದ ಮಿಡಲ್‌ಟೌನ್‌ನಲ್ಲಿ ಹುಟ್ಟಿ ಓಹಾಯೋ ಸ್ಟೇಟ್‌ನಲ್ಲೇ ಓದಿದವರು. 35 ದಾಟಿದೆ, ಇಲ್ಲೇ ಹುಟ್ಟಿದ್ದು, ಅರ್ಹತೆಗೆ ಏನೂ ಕೊರತೆ ಇಲ್ಲ. 2025ರ ಏಪ್ರಿಲ್‌ನಲ್ಲಿ ಓಹಾಯೋ ಸ್ಟೇಟ್ ತಂಡ ಶ್ವೇತಭವನಕ್ಕೆ ಹೋದಾಗ ಟ್ರೋಫಿ ಎತ್ತೋಕೆ ಹೋಗಿ ಅದರ ಬುಡ ಕೆಳಗೆ ಬೀಳಿಸಿದರು. ಆನ್ ಆರ್ಬರ್‌ನಲ್ಲಿ ಆ ವಿಡಿಯೋ ಎಷ್ಟು ಸಲ ನೋಡಿದೆವೋ!

ಓಹಾಯೋ_ಒಗ್ಗರಣೆ:
ಅಕ್ಕಾ, ಓಹಾಯೋದಲ್ಲಿ ಹುಟ್ಟಿದ ಅಧ್ಯಕ್ಷರು ಏಳು ಜನ. ಮಿಷಿಗನ್‌ನಲ್ಲಿ ಹುಟ್ಟಿದವರು? ಫೋರ್ಡ್ ಹುಟ್ಟಿದ್ದು ನೆಬ್ರಾಸ್ಕಾದ ಒಮಾಹಾದಲ್ಲಿ. ಅವರೂ ನಿಮಗೆ ಟ್ರಾನ್ಸ್‌ಫರ್!

ಇಲ್ಲೇ_ಹುಟ್ಟಿದ್ದು:
😂😂 ಅಂಕಲ್!

ನನಗೆ ಇನ್ನೊಂದು ಅನ್ನಿಸುತ್ತೆ. ಅರ್ಹತೆ ಬೇರೆ, ಆಯ್ಕೆ ಬೇರೆ. 2023ರಲ್ಲಿ ಫ್ಲೋರಿಡಾ ಸ್ಟೇಟ್ 13ಕ್ಕೆ 13 ಗೆದ್ದಿತ್ತು. ಪ್ಲೇಆಫ್‌ಗೆ (ಚಾಂಪಿಯನ್ ಯಾರೆಂದು ತೀರ್ಮಾನಿಸೋ ಕೊನೆಯ ಸುತ್ತು) ನಾಲ್ಕು ತಂಡ ಆರಿಸಿದ ಸಮಿತಿ ಅವರನ್ನು ಬಿಟ್ಟು, ಒಂದು ಪಂದ್ಯ ಸೋತ ಅಲಬಾಮಾವನ್ನು ತಗೊಂಡಿತು. ಕ್ವಾರ್ಟರ್‌ಬ್ಯಾಕ್‌ಗೆ ಗಾಯ ಆಗಿದೆ, ಈ ತಂಡ ಮೊದಲಿನ ಹಾಗಿಲ್ಲ ಅನ್ನೋದು ಕಾರಣ. ಕೋಣೆಯಲ್ಲಿ ಕೂತ 13 ಜನ ತೀರ್ಮಾನ ಮಾಡಿಬಿಟ್ಟರು. ಆಮೇಲೆ ಆ ತಂಡ ಜಾರ್ಜಿಯಾ ಎದುರು 63–3 ಸೋತಿತು. ಅಷ್ಟರಲ್ಲಿ ಎಷ್ಟೋ ಆಟಗಾರರು ಹಿಂದೆ ಸರಿದಿದ್ದರು, ಅದು ಬೇರೆ ಮಾತು. ಅಪ್ಪನಿಗೆ ನಿಲ್ಲೋ ಹಕ್ಕು ಕೊಟ್ಟರೂ ಯಾರೂ ವೋಟು ಹಾಕದೆ ಇರಬಹುದು. ಹಾಕದೆ ಇರಲಿ. ಆದರೆ ಮೈದಾನಕ್ಕೆ ಇಳಿಯೋ ಮೊದಲೇ ಕೋಣೆಯಲ್ಲಿ ತೀರ್ಮಾನ ಯಾಕೆ?

ಪೆನ್‌ಸ್ಟೇಟ್_ಪುಟ್ಟ:
ಇಷ್ಟು ಹೊತ್ತು ಸುಮ್ನೆ ಓದ್ತಿದ್ದೆ. ಕೋಣೆಯ ಸಮಿತಿಯಾದರೂ ಪರವಾಗಿಲ್ಲ ಪುಟ್ಟಿ. ನಮ್ಮ ಕಥೆ ಕೇಳು. 1969ರ ಡಿಸೆಂಬರ್ 6, ಟೆಕ್ಸಸ್ ಮತ್ತು ಅರ್ಕಾನ್ಸಾ ಪಂದ್ಯ. ಅಧ್ಯಕ್ಷ ನಿಕ್ಸನ್ ಹೆಲಿಕಾಪ್ಟರ್‌ನಲ್ಲಿ ಬಂದು ಕೂತರು. ಟೆಕ್ಸಸ್ 15–14 ಗೆದ್ದಿತು. ನಿಕ್ಸನ್ ನೇರ ಟೆಕ್ಸಸ್ ಆಟಗಾರರ ಕೋಣೆಗೆ ಹೋಗಿ, ದೇಶದ ನಂಬರ್ ಒನ್ ತಂಡ ಅಂತ ಫಲಕ ಕೊಟ್ಟುಬಿಟ್ಟರು. ಅದೇ ವರ್ಷ ಪೆನ್ ಸ್ಟೇಟ್ ಒಂದೂ ಸೋತಿರಲಿಲ್ಲ, ಹಿಂದಿನ ವರ್ಷವೂ ಸೋತಿರಲಿಲ್ಲ. ಬೌಲ್ ಪಂದ್ಯಗಳು (ಸೀಸನ್ ಕೊನೆಯ ವಿಶೇಷ ಪಂದ್ಯಗಳು) ಇನ್ನೂ ಬಾಕಿ. ನಮ್ಮ ಕೋಚ್ ಜೋ ಪಟೆರ್ನೊ ಆ ಸಿಟ್ಟು ಬಿಡಲೇ ಇಲ್ಲ. 1973ರ ಪದವಿ ಸಮಾರಂಭದಲ್ಲಿ, ಕಾಲೇಜ್ ಫುಟ್‌ಬಾಲ್ ಬಗ್ಗೆ ಇಷ್ಟೆಲ್ಲ ತಿಳಿದ ಅಧ್ಯಕ್ಷರಿಗೆ ತಮ್ಮದೇ ಸರ್ಕಾರದ ವಾಟರ್‌ಗೇಟ್ ಹಗರಣದ ಬಗ್ಗೆ ಏನೂ ತಿಳಿಯದೆ ಹೋಯ್ತು ಹೇಗೆ ಅಂತ ಚುಚ್ಚಿದರು.

ಹಾಗಾಗಿ ನನ್ನ ಬೇಡಿಕೆ ಒಂದೇ. ಅಧ್ಯಕ್ಷ ಎಲ್ಲಾದರೂ ಹುಟ್ಟಲಿ, ಬೇಕಾದರೆ ಕೊಪ್ಪಳದಲ್ಲೇ ಹುಟ್ಟಲಿ. ಫುಟ್‌ಬಾಲ್ ರ‍್ಯಾಂಕಿಂಗ್‌ಗೆ ಮಾತ್ರ ಕೈ ಹಾಕಬಾರದು. ಆ ಫಲಕ ನಮಗೆ ಬರಬೇಕಿತ್ತು.

ಡಲ್ಲಾಸ್_ಗೌಡ:
ವಾಪಸ್ ಕೊಡಲ್ಲ ಪುಟ್ಟಣ್ಣ. ಟೆಕ್ಸಸ್ ಮುಂದಿನ ಜನವರಿ 1ಕ್ಕೆ ಕಾಟನ್ ಬೌಲ್‌ನಲ್ಲಿ ನೋಟರ್ ಡೇಮ್ ಅನ್ನೂ 21–17 ಸೋಲಿಸಿತ್ತು. ನಿಕ್ಸನ್ ಬೇರೆ ಎಲ್ಲದರಲ್ಲೂ ತಪ್ಪಿರಬಹುದು, ಇದರಲ್ಲಿ ತಪ್ಪಿಲ್ಲ.